ಗೀತೆಯನ್ನು ಅಚ್ಚು ಹಾಕಿಸಿದ ಪಾದ್ರಿ

1849ರಲ್ಲಿ ಬೆಂಗಳೂರಿನ ಒಂದು ಮುದ್ರಣಾಲಯದಿಂದ ಅಪರೂಪದ ಪುಸ್ತಕವೊಂದು ಹೊರಬಿತ್ತು. ಅದರ ಪುಟಗಳಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಭಾಷೆಗಳು ಪಕ್ಕಪಕ್ಕದ ಅಂಕಣಗಳಲ್ಲಿ ಸಾಗುತ್ತವೆ. ಗ್ರಂಥ ಭಗವದ್ಗೀತೆ. ಗೀತೆ ಕನ್ನಡಿಗರಿಗೆ ಹೊಸದೇನಲ್ಲ. ಗದುಗಿನ ಭಾರತವನ್ನು ಕೇಳಿದವರಿಗೆ ಕೃಷ್ಣಾರ್ಜುನರ ಸಂವಾದ ಗೊತ್ತಿತ್ತು. ನಾಗರಸನು ಅದನ್ನು ಭಾಮಿನಿ ಷಟ್ಪದಿಯಲ್ಲಿ ಎಂದೋ ಹಾಡಿದ್ದ. ಹೊಸದಾಗಿದ್ದದ್ದು ಮುಖಪುಟದ ವಿವರ. ಅಚ್ಚಿನ ಮನೆ ವೆಸ್ಲಿಯನ್ ಮಿಷನ್ನಿನದು. ಸಂಪಾದಕರು ರೆವರೆಂಡ್ ಜೆ. ಗ್ಯಾರೆಟ್, ಅಂದರೆ ಕ್ರೈಸ್ತ ಧರ್ಮವನ್ನು ಬೋಧಿಸಲೆಂದೇ ಇಂಗ್ಲೆಂಡಿನ ಮೆಥಡಿಸ್ಟ್ ಸಂಸ್ಥೆ ಕಳಿಸಿದ್ದ ಪಾದ್ರಿ.

ಬೈಬಲಿನ ಭಾಗಗಳನ್ನೂ ಧರ್ಮಪ್ರಚಾರದ ಕಿರುಹೊತ್ತಿಗೆಗಳನ್ನೂ ಅಚ್ಚು ಹಾಕುವುದಕ್ಕೆಂದು ಸ್ಥಾಪಿಸಿದ ಮುದ್ರಣಾಲಯದಲ್ಲಿ ಗೀತೆ ಅಚ್ಚಾದದ್ದು ಹೇಗೆ? ಅಚ್ಚು ಹಾಕಿಸಿದ ಮನುಷ್ಯ ಮುಂದೆ ಏನಾದ? ಜಾನ್ ಗ್ಯಾರೆಟ್ ಹೆಸರು ಇಂದು ಕಿಟೆಲ್, ಮೋಗ್ಲಿಂಗ್, ರೈಸ್ ಅವರ ಹೆಸರುಗಳಂತೆ ಜನರ ಬಾಯಲ್ಲಿಲ್ಲ. ಆದರೆ ಕನ್ನಡದ ಅಚ್ಚಿನ ಪುಸ್ತಕ ಹಾಗೂ ಕನ್ನಡ ನಾಡಿನ ಸರ್ಕಾರಿ ಶಾಲೆ ಎರಡರ ಆರಂಭದ ಪುಟಗಳಲ್ಲಿಯೂ ಆ ಹೆಸರು ಇದೆ.

ಮೊದಲು ಮೆಥಡಿಸ್ಟರು ಯಾರೆಂಬುದನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ (1703–1791) ಎಂಬ ಪಾದ್ರಿ ಚರ್ಚಿನ ಕಟ್ಟಡ ಬಿಟ್ಟು ಬಯಲಿಗೆ ಬಂದರು. ಕಲ್ಲಿದ್ದಲು ಗಣಿಗಳ ಕೂಲಿಕಾರರಿಗೆ, ಕೈಕಸುಬಿನವರಿಗೆ ನಿಂತ ನೆಲದಲ್ಲೇ ಉಪದೇಶ ಮಾಡಿದರು. ಪ್ರಾರ್ಥನೆ, ಅಧ್ಯಯನ, ಉಪವಾಸ ಎಲ್ಲವನ್ನೂ ಒಂದು ಕಟ್ಟುನಿಟ್ಟಿನ ಕ್ರಮದಿಂದ ಮಾಡುತ್ತಾರೆಂದು ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಗೇಲಿಗಾಗಿ ಇಟ್ಟ ಹೆಸರೇ ‘ಮೆಥಡಿಸ್ಟ್’. ಗೇಲಿಯ ಹೆಸರು ಬಿರುದಾಗಿ ಉಳಿಯಿತು. ವೆಸ್ಲಿಯ ಬೋಧಕರು ಒಂದೆಡೆ ನೆಲೆ ನಿಲ್ಲುತ್ತಿರಲಿಲ್ಲ. ಕುದುರೆಯೇರಿ ಊರಿಂದೂರಿಗೆ ಸುತ್ತುತ್ತಿದ್ದರು. ನಮ್ಮ ಜಂಗಮರನ್ನು ಕಂಡವರಿಗೆ ಈ ಪದ್ಧತಿ ವಿಚಿತ್ರವೆನಿಸದು. ಇನ್ನೊಂದು ಸಂಗತಿ ನಮ್ಮ ಕಥೆಗೆ ಮುಖ್ಯ. ವೆಸ್ಲಿಗೆ ಅಗ್ಗದ ಪುಸ್ತಕಗಳಲ್ಲಿ ಅಪಾರ ನಂಬಿಕೆ. ಬಡವನ ಕೈಗೆಟುಕುವ ಬೆಲೆಯಲ್ಲಿ ಪುಸ್ತಕ ಅಚ್ಚು ಮಾಡಿಸಿ, ಬೋಧಕರ ಜೋಳಿಗೆಯಲ್ಲಿ ತುಂಬಿ ಕಳಿಸುತ್ತಿದ್ದರು. ಹೀಗಾಗಿ ಮೆಥಡಿಸ್ಟ್ ಪಾದ್ರಿಗೆ ಅಚ್ಚಿನ ಯಂತ್ರವೆಂದರೆ ಹೊರಗಿನ ವಸ್ತುವಲ್ಲ, ಪಂಥದ ಪರಂಪರೆ.

ವೆಸ್ಲಿಯನ್ನರು ಏಷ್ಯದ ಕಡೆ ಹೊರಟದ್ದು ವೆಸ್ಲಿ ತೀರಿಕೊಂಡ ಮೇಲೆ. ಮೊದಲ ತಂಡದ ಮುಂದಾಳು ಥಾಮಸ್ ಕೋಕ್ 1814ರಲ್ಲಿ ಹಡಗಿನಲ್ಲೇ ಕೊನೆಯುಸಿರೆಳೆದರು. ಉಳಿದವರು ಸಿಂಹಳಕ್ಕೆ ಬಂದಿಳಿದರು. ಅಲ್ಲಿಂದ ಮದರಾಸು, ಮದರಾಸಿನಿಂದ ಬೆಂಗಳೂರು. 1820ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದ ಎಲಿಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ ಕೆಲಸ ಮಾಡಿದ್ದು ದಂಡಿನ ಪ್ರದೇಶದ ತಮಿಳರ ನಡುವೆ. ಕನ್ನಡಕ್ಕೆ ಅವರು ತಿರುಗಿದ್ದು 1830ರ ದಶಕದಲ್ಲಿ. ಥಾಮಸ್ ಹಾಡ್ಸನ್ ಎಂಬುವರು 1837ರಲ್ಲಿ ಗುಬ್ಬಿಗೆ ಹೋಗಿ ಡೇರೆ ಹಾಕಿದರು. ಮುಂದೆ ಕನ್ನಡದ ವ್ಯಾಕರಣವೊಂದನ್ನು ಬರೆದವರೂ ಅವರೇ. ಗ್ಯಾರೆಟ್ ಇದೇ ತಲೆಮಾರಿಗೆ ಸೇರಿದವರು. ಆದರೆ ಅವರ ಪಾಲಿಗೆ ಬಂದದ್ದು ಹಳ್ಳಿಯ ಡೇರೆಯಲ್ಲ, ಬೆಂಗಳೂರಿನ ಅಚ್ಚಿನ ಮನೆ.

ಅಚ್ಚಿನ ವಿಷಯಕ್ಕೆ ಬಂದರೆ ಬೆಂಗಳೂರಿಗಿಂತ ಮೊದಲು ಬಳ್ಳಾರಿಯನ್ನು ನೆನೆಯಬೇಕು. ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸು ಪ್ರಾಂತದ ಬಳ್ಳಾರಿ ಸೀಮೆಯವು. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ಗಳ ಭಾಗ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಸಂಪೂರ್ಣ ಕನ್ನಡ ಬೈಬಲು ಅಚ್ಚಾಗಿ ಮುಗಿದದ್ದು 1831ರಲ್ಲಿ. ಅಂದರೆ ಎರಡು ದಶಕಗಳ ದುಡಿಮೆ. ಅವರ ಸಹೋದ್ಯೋಗಿ ವಿಲಿಯಂ ರೀವ್ ಮಾಡಿದ ನಿಘಂಟುಗಳು 1824 ಮತ್ತು 1832ರಲ್ಲಿ ಮದರಾಸಿನಲ್ಲಿ ಅಚ್ಚಾದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಾದರೂ, ಮರುವರ್ಷ ಅದು ಮೊಳೆಯಚ್ಚನ್ನು ಅರಸಿ ಬಂದದ್ದು ಬಳ್ಳಾರಿಗೆ. ಕನ್ನಡ ಅಚ್ಚಿನ ಚರಿತ್ರೆಯನ್ನು ಮಂಗಳೂರು–ಮೈಸೂರುಗಳ ನಡುವೆಯೇ ಹಂಚಿಕೊಂಡು ಬಳ್ಳಾರಿಯನ್ನು ಅಡಿಟಿಪ್ಪಣಿಗೆ ತಳ್ಳುವ ವಾಡಿಕೆ ಇದೆ. ಅದು ನ್ಯಾಯವಲ್ಲ.

ಹಾಗಾದರೆ ಕೂಡ್ಲಿಗಿ, ಹರಪನಹಳ್ಳಿ ಕಡೆ ಮೆಥಡಿಸ್ಟರು ಏಕೆ ಬರಲಿಲ್ಲ? ಉತ್ತರ ಸರಳ. ಬಳ್ಳಾರಿ ಸೀಮೆಯಲ್ಲಿ ಲಂಡನ್ ಮಿಷನ್ನು ಮೊದಲೇ ಬೇರೂರಿತ್ತು. ವೆಸ್ಲಿಯನ್ನರ ಕನ್ನಡ ಕೆಲಸ ಮೈಸೂರು ಸೀಮೆಯಲ್ಲಿ ಹರಡಿತು. ಕೂಡ್ಲಿಗಿಯ ದಕ್ಷಿಣಕ್ಕೆ ಕೆಲವೇ ಹರದಾರಿ ನಡೆದು ಮೊಳಕಾಲ್ಮೂರು, ಚಿತ್ರದುರ್ಗದ ಕಡೆ ದಾಟಿದರೆ ಸರ್ಕಾರ ಬೇರೆ, ಮಿಷನ್ನು ಬೇರೆ. ಆದರೆ ಭಾಷೆ ಒಂದೇ. ಈ ಕಾರಣಕ್ಕಾಗಿಯೇ ಗಡಿಯ ಆಚೆ ಬೆಂಗಳೂರಿನಲ್ಲಿ ಅಚ್ಚಾದದ್ದು ಗಡಿಯ ಈಚಿನವರಿಗೂ ಸೇರಿದ್ದಾಯಿತು.

ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯ ಆರಂಭವಾದದ್ದು 1840ರಲ್ಲಿ. ಅದರ ಮೇಲ್ವಿಚಾರಣೆ ಗ್ಯಾರೆಟ್ ಅವರದಾಯಿತು. ಕನ್ನಡವನ್ನು ಅಚ್ಚಿಗೆ ಒಗ್ಗಿಸುವುದು ಆಗ ಎಂಥ ತೊಡಕಿನ ಕೆಲಸವಾಗಿತ್ತೆಂಬುದು ಇಂದಿನವರಿಗೆ ಸುಲಭವಾಗಿ ಹೊಳೆಯದು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ದೊಡ್ಡದು, ಚಿಕ್ಕದು, ಅಂಕಿ, ಚಿಹ್ನೆ ಸೇರಿಸಿದರೂ ಮೊಳೆಗಳ ಪೆಟ್ಟಿಗೆ ಒಬ್ಬನ ಕೈಯಳತೆಯಲ್ಲಿ ಇರುತ್ತದೆ. ಕನ್ನಡದಲ್ಲಿ ತಲಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಒತ್ತಕ್ಷರ ಕೆಳಗೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಕಟ್ಟುವುದಕ್ಕೆ ಎಷ್ಟು ತುಂಡುಗಳು ಬೇಕೆಂದು ಹಳೆಯ ಮೊಳೆ ಜೋಡಿಸುವವರನ್ನು ಕೇಳಿದ್ದರೆ ತಿಳಿಯುತ್ತಿತ್ತು. ಪ್ರತಿಯೊಂದು ಸಂಯೋಗಕ್ಕೂ ಪ್ರತ್ಯೇಕ ಮೊಳೆ ಎರೆಯಬೇಕು, ಇಲ್ಲವೇ ತುಂಡುಗಳನ್ನು ಒಂದಕ್ಕೊಂದು ತಾಕುವಂತೆ ಹೊಂದಿಸಬೇಕು. ಒತ್ತಕ್ಷರಕ್ಕೆ ಜಾಗ ಬೇಕಾದ್ದರಿಂದ ಸಾಲುಗಳ ನಡುವೆ ಅಂತರ ಹೆಚ್ಚು. ಅಂತರ ಹೆಚ್ಚಾದರೆ ಪುಟ ಹೆಚ್ಚು, ಪುಟ ಹೆಚ್ಚಾದರೆ ಕಾಗದದ ಖರ್ಚು, ಬೈಂಡಿಂಗಿನ ಖರ್ಚು, ಕೊನೆಗೆ ಓದುಗನ ಖರ್ಚು. ಮೊದಮೊದಲ ಕನ್ನಡ ಮೊಳೆಗಳು ದಪ್ಪ. ಅವುಗಳಲ್ಲಿ ಅಚ್ಚಾದ ಪುಸ್ತಕ ಹೊರೆ.

ಅಗ್ಗದ ಪುಸ್ತಕವನ್ನು ನಂಬಿದ ಪಂಥದವರಿಗೆ ಇದು ಸಣ್ಣ ತೊಂದರೆಯಲ್ಲ. ಅಕ್ಷರವನ್ನು ಚಿಕ್ಕದು ಮಾಡಿ, ಆದರೂ ಕಣ್ಣಿಗೆ ತ್ರಾಸವಾಗದಂತೆ, ಅಂದವೂ ಕೆಡದಂತೆ ಮಾಡುವುದು ಹೇಗೆ ಎಂಬುದು 1840ರ ದಶಕದ ಪ್ರಶ್ನೆಯಾಗಿತ್ತು. ಬೆಂಗಳೂರಿನ ಈ ಅಚ್ಚಿನ ಮನೆ ಆ ದಶಕದ ಕೊನೆಯ ಹೊತ್ತಿಗೆ ಸುಧಾರಿಸಿದ ಕನ್ನಡ ಮೊಳೆಗಳತ್ತ ಸಾಗಿತು. ಇಂದು ನಾವು ‘ಅಚ್ಚಿನಂಥ ಅಕ್ಷರ’ ಎಂದು ಹೊಗಳುವ ದುಂಡನೆಯ ರೂಪಕ್ಕೆ ಬೆಂಗಳೂರು, ಮಂಗಳೂರುಗಳ ಈ ಮಿಷನ್ ಮುದ್ರಣಾಲಯಗಳ ಋಣ ದೊಡ್ಡದು. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರ ಬರೆದವನ ಕೈಯಂತೆ ಬೇರೆಯಾಗುತ್ತಿತ್ತು. ಅಚ್ಚು ಅದನ್ನು ಒಂದು ಅಳತೆಗೆ ತಂದಿತು. ಕೊಟ್ಟೂರಿನ ಓದುಗನೂ ಗುಬ್ಬಿಯ ಓದುಗನೂ ಒಂದೇ ‘ಕ’ವನ್ನು ನೋಡುವಂತಾದದ್ದು ಹೀಗೆ.

ಇದೇ ಅವಧಿಯಲ್ಲಿ ಗ್ಯಾರೆಟ್ ಒಂದು ಕೈಪಿಡಿ ರೂಪದ ಇಂಗ್ಲಿಷ್–ಕನ್ನಡ ನಿಘಂಟನ್ನೂ ತಂದರು. ರೀವ್ ನಿಘಂಟು ಪಂಡಿತರ ಮೇಜಿನ ಮೇಲಿರುವಂಥದ್ದು. ಇದು ವಿದ್ಯಾರ್ಥಿಯ ಕೈಯಲ್ಲಿರುವಂಥದ್ದು. ಗ್ಯಾರೆಟ್ ಅವರ ಮನೋಧರ್ಮ ಇಲ್ಲಿಯೇ ಕಾಣುತ್ತದೆ. ಅವರು ಮೂಲಶೋಧನೆಯ ವಿದ್ವಾಂಸರಲ್ಲ. ಇರುವ ವಿದ್ಯೆಯನ್ನು ಒಟ್ಟುಮಾಡಿ ಎದುರಿಗಿರುವವನ ಕೈಗೆ ಕೊಡುವವರು.

ಇನ್ನು ಗೀತೆ. ಈ ಪುಸ್ತಕದ ಒಳಗೆ ಏನೇನಿದೆಯೆಂದು ನೋಡಿದರೆ ಸಂಪಾದಕರ ಮನಸ್ಸು ಅರ್ಥವಾಗುತ್ತದೆ. ಇಂಗ್ಲಿಷ್ ಅಂಕಣ ಚಾರ್ಲ್ಸ್ ವಿಲ್ಕಿನ್ಸ್ ಅವರದು. ಗೀತೆಯನ್ನು 1785ರಲ್ಲಿ ಮೊದಲ ಬಾರಿಗೆ ಇಂಗ್ಲಿಷಿಗೆ ತಂದವರು ಅವರು. ಅದಕ್ಕೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಬರೆದಿದ್ದ ಪ್ರಸ್ತಾವನೆಯೂ ಇಲ್ಲಿದೆ. ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಮೊದಲಾದವರ ಟಿಪ್ಪಣಿಗಳಿವೆ. ಜರ್ಮನಿಯ ಶ್ಲೇಗೆಲ್ ಮಾಡಿದ ಲ್ಯಾಟಿನ್ ಭಾಷಾಂತರವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಬರ್ಲಿನ್ನಿನ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಗೀತೆಯ ತತ್ತ್ವ ಹಾಗೂ ಕಾವ್ಯವನ್ನು ಕುರಿತು 1820ರ ದಶಕದಲ್ಲಿ ಮಾಡಿದ ಪ್ರಬಂಧವನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ತಂದು ಸೇರಿಸಲಾಗಿದೆ. ತಂದವರು ಬಾಸೆಲ್ ಮಿಷನ್ನಿನ ಜಿ. ಎಚ್. ವೈಗ್ಲೆ, ಕನ್ನಡವನ್ನು ಗಂಭೀರವಾಗಿ ಅಭ್ಯಾಸ ಮಾಡಿ ಕನ್ನಡ ಭಾಷೆ, ಸಾಹಿತ್ಯಗಳ ಬಗ್ಗೆ ಜರ್ಮನ್ ವಿದ್ವತ್ ಪತ್ರಿಕೆಯಲ್ಲಿ ಬರೆದ ಮತ್ತೊಬ್ಬ ಪಾದ್ರಿ. ಮೆಥಡಿಸ್ಟರೂ ಬಾಸೆಲಿನವರೂ ಬೇರೆ ಬೇರೆ ದೇಶ, ಬೇರೆ ಬೇರೆ ಪಂಥ. ಗೀತೆಯ ಪುಟಗಳಲ್ಲಿ ಅವರ ಕೈ ಕೂಡಿತು.

ಪಾದ್ರಿಯೊಬ್ಬ ಇದನ್ನೆಲ್ಲ ಏಕೆ ಮಾಡಬೇಕು? ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: ಖಂಡಿಸಬೇಕಾದ ಗ್ರಂಥವನ್ನು ಮೊದಲು ಓದಬೇಕಲ್ಲ! ಹತ್ತೊಂಬತ್ತನೆಯ ಶತಮಾನದ ಮಿಷನರಿಗಳ ಎಷ್ಟೋ ಪುಸ್ತಕಗಳಿಗೆ ಈ ಮಾತು ಒಪ್ಪುತ್ತದೆ. ಗ್ಯಾರೆಟ್ ಗೀತೆಗೆ ಒಪ್ಪುವುದು ಕಷ್ಟ. ಖಂಡನೆಯೇ ಉದ್ದೇಶವಾಗಿದ್ದರೆ ಅನುಬಂಧದಲ್ಲಿ ಖಂಡನೆಯ ಪ್ರಬಂಧ ಇರಬೇಕಿತ್ತು. ಇಲ್ಲಿ ಇರುವುದು ಹೊಗಳಿಕೆ. ಹೇಸ್ಟಿಂಗ್ಸ್ ಗೀತೆಯನ್ನು ಮೆಚ್ಚಿ ಬರೆದವರು. ಹುಂಬೋಲ್ಟ್ ಅಂತೂ ಇಂಥ ಕೃತಿಯನ್ನು ಓದುವ ತನಕ ಬದುಕಿದ್ದೇ ಭಾಗ್ಯವೆಂದು ಭಾವಿಸಿದ ಮನುಷ್ಯ. ಪರಪಕ್ಷದ ಗ್ರಂಥವನ್ನು ಅದರ ಅತಿ ಶ್ರೇಷ್ಠ ಪ್ರಶಂಸಕರ ಸಮೇತ ಅಚ್ಚು ಹಾಕಿಸುವುದನ್ನು ವಾದದ ತಂತ್ರವೆನ್ನಲಾಗದು. ಭಾಷೆ ಕಲಿಯುವವರಿಗೆ ಮೂರು ಅಂಕಣಗಳ ಉಪಯೋಗ ಸ್ಪಷ್ಟ. ಕನ್ನಡ ಕಲಿಯುವ ದೊರೆಗೂ ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗನಿಗೂ ಒಂದೇ ಪುಟ ಪಾಠವಾಗುತ್ತಿತ್ತು. ಆದರೆ ಅಷ್ಟಕ್ಕೇ ಆದರೆ ಲ್ಯಾಟಿನ್ ಏಕೆ, ಬರ್ಲಿನ್ನಿನ ತತ್ತ್ವಚರ್ಚೆ ಏಕೆ? ಆ ಗ್ರಂಥದ ಬಗ್ಗೆ ಜಗತ್ತಿನಲ್ಲಿ ಹೇಳಿರುವ ಉತ್ತಮವಾದದ್ದೆಲ್ಲ ಬೆಂಗಳೂರಿನಲ್ಲಿ ಒಂದೇ ರಟ್ಟಿನೊಳಗೆ ಸಿಗಲಿ ಎಂಬ ಹಂಬಲ ಇಲ್ಲದೆ ಇಂಥ ಪುಸ್ತಕ ಹುಟ್ಟುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಕನ್ನಡ ಅಂಕಣ ಸಂಸ್ಕೃತದಿಂದ ಹೊಸದಾಗಿ ಮಾಡಿದ ಭಾಷಾಂತರವೆಂದು ಮುಖಪುಟ ಹೇಳುತ್ತದೆ. ವಿಲ್ಕಿನ್ಸ್, ಹೇಸ್ಟಿಂಗ್ಸ್, ವಿಲ್ಸನ್, ಹುಂಬೋಲ್ಟ್, ವೈಗ್ಲೆ ಎಲ್ಲರ ಹೆಸರೂ ಅಲ್ಲಿವೆ. ಕನ್ನಡಿಸಿದವರ ಹೆಸರಿಲ್ಲ. ಆ ಕಾಲದ ಮಿಷನ್ ಪುಸ್ತಕಗಳ ಪಾಡೇ ಇದು. ಮುನ್ಷಿಗಳು, ಶಾಸ್ತ್ರಿಗಳು, ಪಂಡಿತರು ದಿನವಿಡೀ ಕೂತು ಅರ್ಥ ಹೇಳಿದರು, ಕರಡು ತಿದ್ದಿದರು, ಅಚ್ಚಿನ ತಪ್ಪು ಹುಡುಕಿದರು. ತಿಂಗಳ ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆ ಪುಸ್ತಕದಲ್ಲಿ ಅವರ ಹೆಸರು ಏರಲಿಲ್ಲ. ಕನ್ನಡ ಗದ್ಯವನ್ನು ಮಿಷನರಿಗಳು ಕಟ್ಟಿದರು ಎನ್ನುವಾಗ ಈ ಅನಾಮಿಕರನ್ನು ಬಿಟ್ಟು ಹೇಳಿದರೆ ಅರ್ಧ ಮಾತಾಗುತ್ತದೆ.

ಗೀತೆ ಒಂಟಿ ಪ್ರಯತ್ನವೇನೂ ಅಲ್ಲ. ಮಂಗಳೂರಿನಲ್ಲಿ ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತರುತ್ತಿದ್ದರು. ಕಂಪನಿಯ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟಿದ್ದರು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ 1852ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ ಇಂಗ್ಲಿಷ್ ಅನುವಾದದೊಂದಿಗೆ ಬಂತು. ಸಂಪಾದಕರು ಗ್ಯಾರೆಟ್ ಅವರ ಸಹೋದ್ಯೋಗಿ ಡೇನಿಯಲ್ ಸ್ಯಾಂಡರ್ಸನ್. ಇವರೇ 1858ರಲ್ಲಿ ಬಳ್ಳಾರಿಯ ರೀವ್ ನಿಘಂಟನ್ನು ತಿದ್ದಿ, ಬೆಳೆಸಿ ಬೆಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. ಬಳ್ಳಾರಿಯ ಲಂಡನ್ ಮಿಷನ್ನಿನವನ ನಿಘಂಟನ್ನು ಬೆಂಗಳೂರಿನ ಮೆಥಡಿಸ್ಟ್ ಪಾದ್ರಿ ಪೂರೈಸಿದ್ದು ಅರ್ಥಪೂರ್ಣ. ಮುಂದೆ 1894ರಲ್ಲಿ ಕಿಟೆಲ್ ಕೋಶ ಬರುವವರೆಗೆ ಕನ್ನಡ ಕಲಿಯುವವರಿಗೆ ಈ ನಿಘಂಟೇ ಆಸರೆ.

ಆದರೆ ಮಿಷನ್ನು ಕನ್ನಡ ನಾಡಿಗೆ ಬಂದದ್ದು ಜೈಮಿನಿ ಭಾರತ ಅಚ್ಚು ಹಾಕುವುದಕ್ಕಲ್ಲವಷ್ಟೆ. ಇಂಗ್ಲೆಂಡಿನಲ್ಲಿ ಕಾಸಿಗೆ ಕಾಸು ಕೂಡಿಸಿ ಚಂದಾ ಕಳಿಸುತ್ತಿದ್ದವರು ಗಣಿ ಕೆಲಸದವರು, ಅಂಗಡಿಯವರು, ಮನೆಗೆಲಸದ ಹೆಂಗಸರು. ಅವರು ಕೇಳುತ್ತಿದ್ದದ್ದು ಎಷ್ಟು ಮಂದಿ ಹೊಸ ಧರ್ಮಕ್ಕೆ ಬಂದರೆಂಬ ಲೆಕ್ಕ. ಮೈಸೂರು ಸೀಮೆಯಲ್ಲಿ ಆ ಲೆಕ್ಕ ಹತ್ತಾರು ವರ್ಷ ತೀರ ಸಣ್ಣದಾಗಿಯೇ ಉಳಿಯಿತು. ಸಂತೆ, ಜಾತ್ರೆಗಳಲ್ಲಿ ಜನ ಉಪದೇಶ ಕೇಳುತ್ತಿದ್ದರು, ವಾದ ಮಾಡುತ್ತಿದ್ದರು, ಪುಸ್ತಕವನ್ನೂ ಕೊಳ್ಳುತ್ತಿದ್ದರು. ಮನೆಗೆ ಹೋಗಿ ತಮ್ಮ ದೇವರಿಗೇ ಕೈಮುಗಿಯುತ್ತಿದ್ದರು. ಗೆದ್ದದ್ದು ಶಾಲೆ. ಇಂಗ್ಲಿಷ್ ಕಲಿಸುತ್ತೇವೆಂದರೆ ಯಾವ ಜಾತಿಯ ತಂದೆತಾಯಿಯೂ ಮಗನನ್ನು ಕಳಿಸಲು ತಯಾರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದಿದ್ದ ಉಚಿತ ಇಂಗ್ಲಿಷ್ ಶಾಲೆಯನ್ನು 1840ರಲ್ಲಿ ವೆಸ್ಲಿಯನ್ನರ ಆಡಳಿತಕ್ಕೆ ವಹಿಸಿದ್ದರು. ಬೆಂಗಳೂರಿನಲ್ಲಿಯೂ ಮಿಷನ್ನಿನ ಇಂಗ್ಲಿಷ್ ಶಾಲೆ ನಡೆಯುತ್ತಿತ್ತು. ಗ್ಯಾರೆಟ್ ಅವರ ಒಲವು ಅಚ್ಚಿನ ಮನೆಯಿಂದ ಶಾಲೆಯ ಕಡೆ ಹೊರಳಿದ್ದು ಸಹಜವೇ ಆಗಿತ್ತು.

1854ರಲ್ಲಿ ಚಾರ್ಲ್ಸ್ ವುಡ್ ಅವರ ಪ್ರಸಿದ್ಧ ಶಿಕ್ಷಣ ಆದೇಶ ಲಂಡನ್ನಿನಿಂದ ಬಂತು. ಪ್ರತಿ ಪ್ರಾಂತಕ್ಕೂ ಶಿಕ್ಷಣ ಇಲಾಖೆ, ಖಾಸಗಿ ಶಾಲೆಗಳಿಗೆ ಸಹಾಯಧನ, ಮೇಲೆ ವಿಶ್ವವಿದ್ಯಾಲಯ. ಮೈಸೂರು ಆಗ ಕಮಿಷನರುಗಳ ಆಡಳಿತದಲ್ಲಿತ್ತು. ಕಮಿಷನರು ಮಾರ್ಕ್ ಕಬ್ಬನ್. ನ್ಯಾಯಾಡಳಿತದ ಕಮಿಷನರು ಡೆವರೂ ರೂಪಿಸಿದ ಯೋಜನೆಯಂತೆ 1857ರಲ್ಲಿ ಮೈಸೂರಿನ ಶಿಕ್ಷಣ ಇಲಾಖೆ ಹುಟ್ಟಿತು. ಮರುವರ್ಷ ಬೆಂಗಳೂರು ಹೈಸ್ಕೂಲು ತೆರೆಯಿತು. ಅದರ ಮೊದಲ ಪ್ರಿನ್ಸಿಪಾಲ್ ಜಾನ್ ಗ್ಯಾರೆಟ್.

ಇದನ್ನು ಉದ್ಯೋಗದ ಬಡ್ತಿ ಎಂದಷ್ಟೇ ನೋಡಿದರೆ ಅದರ ಬಿಸಿ ತಿಳಿಯದು. ವುಡ್ ಅವರ ಆದೇಶದಲ್ಲಿ ಒಂದು ಕಟ್ಟಳೆ ಇತ್ತು. ಸರ್ಕಾರಿ ಶಾಲೆಯ ತರಗತಿಯಲ್ಲಿ ಧರ್ಮಬೋಧೆ ಕೂಡದು. ಬೈಬಲನ್ನು ಪುಸ್ತಕ ಭಂಡಾರದಲ್ಲಿ ಇಡಬಹುದು, ವಿದ್ಯಾರ್ಥಿ ತಾನಾಗಿ ಬಂದು ಕೇಳಿದರೆ ಪಾಠದ ಹೊತ್ತಿನ ಹೊರಗೆ ಹೇಳಬಹುದು, ಅಷ್ಟೆ. ಮಿಷನ್ ಶಾಲೆಯಲ್ಲಿ ಬೈಬಲ್ ಪಾಠವೇ ಮುಖ್ಯ, ಗಣಿತ, ಭೂಗೋಳಗಳು ಅದಕ್ಕೆ ಕೊಟ್ಟ ನೆಪ. ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳವೇ ಪಾಠ. ವರ್ಷಗಟ್ಟಲೆ ಸುವಾರ್ತೆಯನ್ನು ಅಚ್ಚು ಹಾಕಿಸಿದ ಮನುಷ್ಯ, ಅದನ್ನು ತರಗತಿಯ ಹೊಸ್ತಿಲ ಹೊರಗೆ ಇಟ್ಟು ಒಳಗೆ ಹೋಗಬೇಕು. 1857ರ ದಂಗೆಯ ಹೊಗೆ ಇನ್ನೂ ಆರಿರದಿದ್ದ ಕಾಲ; ಜನರ ಧರ್ಮಕ್ಕೆ ಕೈಹಾಕಿದ್ದೇ ದಂಗೆಗೆ ಕಾರಣವೆಂದು ಅಧಿಕಾರಿಗಳಲ್ಲಿ ಹಲವರು ನಂಬಿದ್ದ ಕಾಲ. ಕಟ್ಟಳೆ ಕಾಗದದ ಮೇಲಷ್ಟೇ ಇರಲಿಲ್ಲ. ಮಿಷನ್ನಿನ ಅನೇಕರ ಕಣ್ಣಿಗೆ ‘ದೇವರಿಲ್ಲದ ಶಿಕ್ಷಣ’ ಎಂಬುದು ಅಜ್ಞಾನಕ್ಕಿಂತ ಕೆಟ್ಟದ್ದು. ಗ್ಯಾರೆಟ್ ಆ ಕಡೆ ನಿಲ್ಲಲಿಲ್ಲ. ಮಿಷನ್ನಿನ ಸೇವೆ ಬಿಟ್ಟು ಸರ್ಕಾರದ ಸೇವೆಗೆ ಸೇರಿದರು. 1860ರ ದಶಕದಲ್ಲಿ ಮೈಸೂರಿನ ‘ಡೈರೆಕ್ಟರ್ ಆಫ್ ಪಬ್ಲಿಕ್ ಇನ್‌ಸ್ಟ್ರಕ್ಷನ್’, ಅಂದರೆ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು.

ಅವರು ಬಿಟ್ಟುಹೋದ ಹೈಸ್ಕೂಲಿಗೆ 1860ರಲ್ಲಿ ಬಂದವರು ಬೆಂಜಮಿನ್ ಲೂಯಿಸ್ ರೈಸ್. ಮುಂದೆ ಶಾಸನಗಳ ರೈಸ್ ಎಂದು ಕನ್ನಡಿಗರೆಲ್ಲ ಬಲ್ಲವರು. ಅವರೂ ಪಾದ್ರಿಯ ಮಗ. ತಂದೆ ಬೆಂಗಳೂರಿನ ಲಂಡನ್ ಮಿಷನ್ನಿನವರು. ಆ ಹೈಸ್ಕೂಲೇ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ 1868ರಲ್ಲಿ ಬಂದದ್ದು ರೈಸ್ ಅವರ ಲೇಖನಿಯಿಂದ. ಅದರ ಕೀರ್ತಿಯನ್ನು ಗ್ಯಾರೆಟ್‌ಗೆ ಕೊಡುವುದು ಸಲ್ಲದು. ಅದೇ 1868ರಲ್ಲಿ ಮೈಸೂರಿನ ರಾಜರ ಶಾಲೆಯನ್ನು ವೆಸ್ಲಿಯನ್ನರ ಕೈಯಿಂದ ಸರ್ಕಾರ ತೆಗೆದುಕೊಂಡಿತು. ಅದು ಬೆಳೆದು ಮಹಾರಾಜಾ ಕಾಲೇಜಾಯಿತು. ತೆಗೆದುಕೊಂಡ ಇಲಾಖೆ ಗ್ಯಾರೆಟ್ ಅವರದು, ಬಿಟ್ಟುಕೊಟ್ಟ ಮಿಷನ್ನು ಒಮ್ಮೆ ಗ್ಯಾರೆಟ್ ಅವರದಾಗಿತ್ತು.

ಆ ವರ್ಷದ ಇನ್ನೊಂದು ಘಟನೆ ಕನ್ನಡಿಗರಿಗೆ ಹೆಚ್ಚು ಮುಖ್ಯ. ಕೇಶಿರಾಜನ ಶಬ್ದಮಣಿದರ್ಪಣ 1868ರಲ್ಲಿ ಗ್ಯಾರೆಟ್ ಅವರ ಮುತುವರ್ಜಿಯಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಹದಿಮೂರನೆಯ ಶತಮಾನದ ಈ ವ್ಯಾಕರಣ ಹಳಗನ್ನಡದ ಬೀಗದಕೈ ಇದ್ದಂತೆ. ಪಂಪ, ರನ್ನ, ಪೊನ್ನರನ್ನು ಓದಬೇಕಾದರೆ ಕೇಶಿರಾಜ ಬೇಕು. ತಾಳೆಗರಿಯಲ್ಲಿದ್ದಾಗ ಅದು ಗುರು ಒಪ್ಪಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಅಚ್ಚಾದ ಮೇಲೆ ಕಾಸು ಕೊಟ್ಟವನದು. ನಾಲ್ಕು ವರ್ಷಗಳ ನಂತರ, 1872ರಲ್ಲಿ, ಕಿಟೆಲ್ ವ್ಯಾಖ್ಯಾನ ಸಹಿತ ಬಹು ಶ್ರಮದ ಆವೃತ್ತಿಯನ್ನು ಮಂಗಳೂರಿನಲ್ಲಿ ತಂದರು. ವಿದ್ವಾಂಸರು ಬಳಸಿದ್ದು, ಹೊಗಳಿದ್ದು ಅದನ್ನು. ಪಾಠಶೋಧನೆಯ ದೃಷ್ಟಿಯಿಂದ ಎರಡಕ್ಕೂ ಹೋಲಿಕೆಯೇ ಸಲ್ಲದು, ನಿಜ. ಆದರೂ ಒಂದು ಪ್ರಾಂತದ ಶಿಕ್ಷಣಾಧಿಕಾರಿ, ಅದರಲ್ಲೂ ಹಿಂದೆ ಪಾದ್ರಿಯಾಗಿದ್ದವನು, ಇಂಗ್ಲಿಷ್ ಪಠ್ಯಗಳ ಹಾವಳಿಯ ಆ ದಿನಗಳಲ್ಲಿ ಕೇಶಿರಾಜನನ್ನು ಅಚ್ಚಿಗೆ ಕಳಿಸಿದ್ದನ್ನು ಸಣ್ಣ ಸಂಗತಿ ಎನ್ನಲಾಗದು. ಕನ್ನಡಕ್ಕೆ ತನ್ನದೇ ವ್ಯಾಕರಣವಿದೆ, ಅದನ್ನು ಇಂಗ್ಲಿಷ್ ಅಚ್ಚಿನಲ್ಲಿ ಎರೆಯಬೇಕಿಲ್ಲ ಎಂಬ ಮಾತನ್ನು ಯಾರೂ ಭಾಷಣದಲ್ಲಿ ಹೇಳಬೇಕಾಗಲಿಲ್ಲ. ಪುಸ್ತಕವೇ ಹೇಳಿತು.

ಗಡಿಯ ಈಚೆ, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ಪರಿಸ್ಥಿತಿ ಬೇರೆ. ಅಲ್ಲಿ ಶಿಕ್ಷಣ ಇಲಾಖೆಯ ಗದ್ದುಗೆ ಮದರಾಸಿನಲ್ಲಿ. ಜಿಲ್ಲೆಯ ಪೂರ್ವಕ್ಕೆ ತೆಲುಗು, ಪಶ್ಚಿಮಕ್ಕೆ ಕನ್ನಡ. ಮೇಲೆ ತಮಿಳು ಬಲ್ಲ ಅಧಿಕಾರಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಕನ್ನಡದ ಮಕ್ಕಳ ಸ್ಥಿತಿ ಮನೆಯೊಳಗಿದ್ದೂ ಅತಿಥಿಗಳಂತೆ. ಕನ್ನಡ ಪುಸ್ತಕಕ್ಕೆ ಅವರ ಕಣ್ಣು ಮೈಸೂರು ಸೀಮೆ, ಧಾರವಾಡ, ಮಂಗಳೂರುಗಳ ಕಡೆ ಇರಬೇಕಾದ್ದು ಅನಿವಾರ್ಯವಾಗಿತ್ತು. 1831ರಲ್ಲಿ ಕನ್ನಡದ ಅತಿ ದೊಡ್ಡ ಪುಸ್ತಕವನ್ನು ಮುಗಿಸಿಕೊಟ್ಟ ಊರು, ನಲವತ್ತು ವರ್ಷ ಕಳೆಯುವುದರೊಳಗೆ ಪುಸ್ತಕಕ್ಕಾಗಿ ಹೊರಗೆ ನೋಡುವಂತಾಯಿತು. ಅಚ್ಚಿನ ಮನೆ ಇದ್ದರೆ ಸಾಲದು, ಅದರ ಬೆನ್ನಿಗೆ ಸರ್ಕಾರದ ಶಾಲೆ ಬೇಕು ಎಂಬುದು ಎರಡೂ ಊರುಗಳ ಕಥೆಯನ್ನು ಹೋಲಿಸಿದರೆ ಗೊತ್ತಾಗುತ್ತದೆ. ಬಳ್ಳಾರಿಗೆ ಹ್ಯಾಂಡ್ಸ್ ಸಿಕ್ಕರು, ಗ್ಯಾರೆಟ್ ಸಿಗಲಿಲ್ಲ.

ಗ್ಯಾರೆಟ್ ಅವರ ಕೊನೆಯ ದೊಡ್ಡ ಕೆಲಸ 1871ರಲ್ಲಿ ಮದರಾಸಿನ ಹಿಗಿನ್‌ಬಾಥಮ್ಸ್ ಪ್ರಕಟಿಸಿದ ‘ಕ್ಲಾಸಿಕಲ್ ಡಿಕ್ಷನರಿ ಆಫ್ ಇಂಡಿಯಾ’. ಹಿಂದೂಗಳ ಪುರಾಣ, ದರ್ಶನ, ಸಾಹಿತ್ಯ, ಕಲೆ, ಆಚಾರಗಳನ್ನು ಅಕಾರಾದಿಯಾಗಿ ವಿವರಿಸುವ ಕೋಶ. ಎರಡು ವರ್ಷಗಳ ನಂತರ ಅದಕ್ಕೆ ಪುರವಣಿಯೂ ಬಂತು. ಗ್ರೀಕ್, ರೋಮನ್ ದೇವತೆಗಳ ಬಗ್ಗೆ ಇಂಗ್ಲಿಷ್ ಹುಡುಗನ ಮೇಜಿನ ಮೇಲೆ ಇರುತ್ತಿದ್ದಂಥ ಕೋಶವನ್ನು ಭಾರತದ ಬಗ್ಗೆಯೂ ಮಾಡುವ ಪ್ರಯತ್ನ ಅದು. ಸ್ವಂತ ಸಂಶೋಧನೆ ಕಡಿಮೆ, ಬೇರೆ ವಿದ್ವಾಂಸರಿಂದ ಆಯ್ದು ಜೋಡಿಸಿದ್ದೇ ಹೆಚ್ಚು. ಇಂದು ಅದರ ಎಷ್ಟೋ ವಿವರಣೆಗಳು ಹಳಸಿವೆ. ಕೆಲವೆಡೆ ಆ ಕಾಲದ ಯುರೋಪಿಯನ್ನನ ಮೇಲರಿಮೆಯೂ ಇಣುಕುತ್ತದೆ. 1849ರ ಗೀತೆಯ ಪಕ್ಕದಲ್ಲಿ ಇದನ್ನಿಟ್ಟರೆ ಗೀತೆಯೇ ದೊಡ್ಡದು. ಅಲ್ಲಿ ಸಂಪಾದಕ ಹಿಂದೆ ಸರಿದು ಗ್ರಂಥಕ್ಕೆ ಮಾತಾಡಲು ಬಿಟ್ಟಿದ್ದರು; ಇಲ್ಲಿ ಗ್ರಂಥಗಳ ಬಗ್ಗೆ ತಾವು ಮಾತಾಡುತ್ತಾರೆ.

ಮಿಷನ್ನಿನ ಅಚ್ಚಿನ ಪರಂಪರೆ ಅವರೊಂದಿಗೆ ನಿಲ್ಲಲಿಲ್ಲ. ಹೆನ್ರಿ ಹೇಗ್ 1887ರಲ್ಲಿ ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆ ಹೊರಡಿಸಿದರು. ಮೈಸೂರಿನ ವೆಸ್ಲಿ ಮುದ್ರಣಾಲಯ ಅಂದವಾದ ಕನ್ನಡ ಅಚ್ಚಿಗೆ ಹೆಸರಾಯಿತು. ಗಡಿಯ ಎರಡು ಬದಿಯ ಪಂಥಗಳೂ ಕೊನೆಗೆ ಒಂದಾದವು: ಬಳ್ಳಾರಿಯ ಲಂಡನ್ ಮಿಷನ್ನಿನ ಸಭೆಗಳ ಪರಂಪರೆಯೂ ಮೈಸೂರಿನ ಮೆಥಡಿಸ್ಟರ ಪರಂಪರೆಯೂ 1947ರ ಸೆಪ್ಟೆಂಬರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಬೆರೆತವು. ಕನ್ನಡದ ನೆಲಗಳು ಒಂದಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರಲ್ಲಿ.

ಗ್ಯಾರೆಟ್ ಅವರ ಎರಡು ಪುಸ್ತಕಗಳ ಮುಖಪುಟಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅವರ ವೃತ್ತಿಜೀವನವೆಲ್ಲ ಕಾಣುತ್ತದೆ. 1849ರ ಗೀತೆಯ ಮೇಲೆ ‘ರೆವರೆಂಡ್ ಜೆ. ಗ್ಯಾರೆಟ್’ ಎಂದಿದೆ. 1871ರ ಕೋಶದ ಮೇಲೆ ಇರುವುದು ‘ಜಾನ್ ಗ್ಯಾರೆಟ್, ಮೈಸೂರಿನ ಡೈರೆಕ್ಟರ್ ಆಫ್ ಪಬ್ಲಿಕ್ ಇನ್‌ಸ್ಟ್ರಕ್ಷನ್’.